ಒಂದು ಸಾಲಿನ ತಿದ್ದುಪಡಿ

ಹೈದರಾಬಾದಿನಲ್ಲಿ ಕುಷಾಯಿಗೂಡ ಎಲ್ಲಿದೆ ಎಂದು ಕೇಳಿದರೆ ಬಹಳ ಜನ ‘ಇಸಿಐಎಲ್ ಹತ್ತಿರ’ ಎನ್ನುತ್ತಾರೆ. ಊರಿಗಿಂತ ಕಾರ್ಖಾನೆಯ ಹೆಸರೇ ದೊಡ್ಡದಾಗಿ ಬೆಳೆದ ಜಾಗ ಇದು. ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಎಂಬ ಸರ್ಕಾರಿ ಸಂಸ್ಥೆ 1967ರಲ್ಲಿ ಪರಮಾಣು ಶಕ್ತಿ ಇಲಾಖೆಯ ಅಡಿಯಲ್ಲಿ ಇಲ್ಲಿ ಶುರುವಾಯಿತು. ಅದನ್ನು ಕಟ್ಟಿದ ಎ.ಎಸ್. ರಾವ್ ಅವರ ಹೆಸರು ಪಕ್ಕದ ಬಡಾವಣೆಗೆ ಬಂದಿದೆ. 1969ರಲ್ಲಿ ಟಿಡಿಸಿ-12 ಎಂಬ ಗಣಕವನ್ನು ಈ ಸಂಸ್ಥೆ ಹೊರತಂದಿತು. ಟಿಡಿಸಿ ಅಂದರೆ ಟ್ರಾಂಬೆ ಡಿಜಿಟಲ್ ಕಂಪ್ಯೂಟರ್. 1970ರ ದಶಕದ ನಡುವೆ ಟಿಡಿಸಿ-312, ಟಿಡಿಸಿ-316 ಬಂದವು. ನಾವು ಮತ ಹಾಕುವ ಯಂತ್ರವನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಇದು. ಇನ್ನೊಂದು ಬೆಂಗಳೂರಿನ ಬಿಇಎಲ್.

ನಾನು ಕೆಲಸದ ನಿಮಿತ್ತ ಕುಷಾಯಿಗೂಡಕ್ಕೆ ಬಂದು ಕೆಲವು ವರ್ಷಗಳಾದವು. ಇಲ್ಲಿ ಗಣಕ ತಯಾರಾಗುತ್ತಿತ್ತು ಎಂಬುದು ನನಗೆ ಬಹುಕಾಲ ಬರೀ ಸಾಮಾನ್ಯ ಜ್ಞಾನದ ಪ್ರಶ್ನೆಯಂತೆ ಇತ್ತು. ಅದರ ಬಗ್ಗೆ ನಿಜವಾಗಿ ಯೋಚಿಸಿದ್ದು, ಒಂದು ರಾತ್ರಿ ಕುಳಿತು ಒಂದು ಮುಕ್ತ ತಂತ್ರಾಂಶದ ಕೈಪಿಡಿಯಲ್ಲಿ ಒಂದೇ ಒಂದು ಸಾಲನ್ನು ತಿದ್ದಿದ ಮೇಲೆ.

ಸಾಲು ‘ರ‍್ಯಾಂಕ್’ ಎಂಬ ಪದದ ಬಗ್ಗೆ ಇತ್ತು. ಕನ್ನಡದಲ್ಲಿ ರ, ಅರ್ಧಾಕ್ಷರದ ಚಿಹ್ನೆ, ಯ ಎಂದು ಸಾಲಾಗಿ ಒತ್ತಿದರೆ ಗಣಕ ಅದನ್ನು ಅರ್ಕಾವೊತ್ತು ಎಂದು ತಿಳಿದು ‘ರ್ಯಾಂಕ್’ ಎಂದು ತೋರಿಸುತ್ತದೆ. ‘ಸೂರ್ಯ’ನಿಗೆ ಅದು ಸರಿ, ‘ರ‍್ಯಾಂಕ್’ಗೆ ಸರಿಯಲ್ಲ. ರ ಪೂರ್ತಿ ಉಳಿದು ಯ ಒತ್ತಾಗಬೇಕಾದರೆ, ರ ಮತ್ತು ಅರ್ಧಾಕ್ಷರದ ಚಿಹ್ನೆಯ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಇಡಬೇಕು. ಅದಕ್ಕೆ ಜೀರೋ ವಿಡ್ತ್ ಜಾಯ್ನರ್ ಎಂದು ಹೆಸರು. ಆ ಕೈಪಿಡಿ ಈ ಕಾಣದ ಅಕ್ಷರವನ್ನು ಅರ್ಧಾಕ್ಷರದ ಚಿಹ್ನೆಯ ನಂತರ ಇಡಿ ಎಂದು ಹೇಳುತ್ತಿತ್ತು. ಹೇಳಿದಂತೆ ಮಾಡಿ, ಮತ್ತೆ ಮತ್ತೆ ತಪ್ಪು ರೂಪವನ್ನೇ ಕಂಡು, ನನ್ನ ಫಾಂಟೇ ಕೆಟ್ಟಿದೆ ಎಂದುಕೊಂಡು ಎರಡು ಸಂಜೆ ಕಳೆದಿದ್ದೆ. ಕೊನೆಗೆ ಗೊತ್ತಾದದ್ದು: ಕೆಟ್ಟಿದ್ದು ಫಾಂಟಲ್ಲ, ವಾಕ್ಯ. ‘ನಂತರ’ ಎಂಬಲ್ಲಿ ‘ಮೊದಲು’ ಎಂದು ಬರೆದೆ. ಕಳಿಸಿದೆ. ಮರುದಿನ ಯಾರೋ ಅಪರಿಚಿತರು ನೋಡಿ, ಒಪ್ಪಿ, ಸೇರಿಸಿಕೊಂಡರು.

ಇಷ್ಟು ಸಣ್ಣ ಕೆಲಸ ಯಾಕೆ ತಲೆಯಲ್ಲಿ ಉಳಿಯಿತು? ಓದುಗನೊಬ್ಬ ಕೈಪಿಡಿಯನ್ನು ತಿದ್ದಬಹುದು, ಆ ತಿದ್ದುಪಡಿ ಉಳಿದೆಲ್ಲ ಓದುಗರಿಗೂ ತಲುಪಬಹುದು ಎಂಬುದು ನಾವು ತಿಳಿದಷ್ಟು ಸಹಜ ಸಂಗತಿಯಲ್ಲ. ಅದಕ್ಕೊಂದು ಚರಿತ್ರೆ ಇದೆ.

*

ಓಲೆಗರಿಯ ಕಾಲದಿಂದಲೇ ನೋಡಿ. ಲಿಪಿಕಾರರು ಪ್ರತಿಯ ಕೊನೆಯಲ್ಲಿ, ತಪ್ಪಿದ್ದರೆ ತಿದ್ದಿಕೊಂಡು ಓದಿ ಎಂದು ಬಲ್ಲವರನ್ನು ಬೇಡಿಕೊಳ್ಳುವುದು ವಾಡಿಕೆ. ಓದುಗ ತಿದ್ದಿದರೂ ಆ ತಿದ್ದುಪಡಿ ಅವನ ಕೈಯಲ್ಲಿದ್ದ ಒಂದು ಪ್ರತಿಗೆ ಮಾತ್ರ. ಪಕ್ಕದ ಮಠದಲ್ಲಿದ್ದ ಪ್ರತಿಯಲ್ಲಿ ತಪ್ಪು ಹಾಗೇ ಉಳಿಯುತ್ತಿತ್ತು. ಅಚ್ಚು ಬಂದ ಮೇಲೆ ದಿಕ್ಕು ಬದಲಾಯಿತು. ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ‘ತಪ್ಪು–ಒಪ್ಪು’ ಎಂಬ ಎರಡು ಕಾಲಮ್ಮಿನ ಪಟ್ಟಿ ಇರುತ್ತಿದ್ದುದು ನಿಮಗೆ ನೆನಪಿರಬಹುದು. ಪೆನ್ಸಿಲ್ ಹಿಡಿದು ಮೊದಲು ಪುಸ್ತಕವನ್ನು ತಿದ್ದಿಕೊಂಡು ಆಮೇಲೆ ಓದಬೇಕು. ಈಗ ತಿದ್ದುಪಡಿ ಎಲ್ಲರಿಗೂ ತಲುಪುತ್ತಿತ್ತು, ಆದರೆ ಪ್ರಕಾಶಕನಿಂದ ಓದುಗನ ಕಡೆಗೆ ಮಾತ್ರ. ಓದುಗನಿಗೆ ಕಂಡ ತಪ್ಪು ಎರಡನೆಯ ಮುದ್ರಣದವರೆಗೆ ಕಾಯಬೇಕು, ಎರಡನೆಯ ಮುದ್ರಣ ಆದರೆ.

ಗಣಕಗಳ ಆರಂಭದ ದಿನಗಳಲ್ಲೂ ಇದೇ ಸ್ಥಿತಿ. ಯಂತ್ರದ ಜೊತೆ ದಪ್ಪ ಕೈಪಿಡಿಗಳು ಬರುತ್ತಿದ್ದವು. ಅಮೆರಿಕದ ಐಬಿಎಂ, ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಗಳ ಕೈಪಿಡಿಗಳ ಕೊನೆಯ ಪುಟ ಹರಿದು ಕಳಿಸುವ ಒಂದು ಚೀಟಿಯಾಗಿರುತ್ತಿತ್ತು: ಈ ಪುಸ್ತಕದಲ್ಲಿ ತಪ್ಪು ಕಂಡಿತೇ, ಅರ್ಥವಾಗದ ಭಾಗ ಯಾವುದು, ಬರೆದು ಅಂಚೆಗೆ ಹಾಕಿ. ಕೇಳುವ ಸೌಜನ್ಯ ಇತ್ತು. ಚೀಟಿ ತಲುಪಿ, ಸಂಪಾದಕರು ಓದಿ, ಒಪ್ಪಿ, ಮುಂದಿನ ಆವೃತ್ತಿ ಅಚ್ಚಾಗಿ ಗಿರಾಕಿಯ ಕೈಗೆ ಬರುವವರೆಗೆ ಆ ಯಂತ್ರವೇ ಹಳತಾಗಿರಬಹುದು.

1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋದಾಗ ದೇಶದ ತುಂಬ ಅದರ ಯಂತ್ರಗಳು ಉಳಿದವು. ಅವುಗಳ ನಿರ್ವಹಣೆ ಸರ್ಕಾರಿ ಸಂಸ್ಥೆಯಾದ ಸಿಎಂಸಿಯ ಹೆಗಲಿಗೆ ಬಂತು. ಯಂತ್ರ ಮಾಡಿದವರು ಹೊರಟುಹೋದ ಮೇಲೆ ಅದನ್ನು ನಡೆಸಬೇಕಾದವರಿಗೆ ಉಳಿಯುವುದು ಎರಡೇ: ಕಾಗದದ ಮೇಲೆ ಬರೆದಿಟ್ಟದ್ದು ಮತ್ತು ಕೆಲಸ ಕಲಿತವರ ತಲೆಯಲ್ಲಿರುವುದು. ಎರಡನೆಯದು ನಿವೃತ್ತಿಯಾಗುತ್ತದೆ. ಕುಷಾಯಿಗೂಡದ ಸುತ್ತಮುತ್ತ ಇದು ಹೊಸ ಮಾತಲ್ಲ. ಕಾರ್ಖಾನೆಗಳ ನಡುವೆ ಬದುಕುವ ಊರಿಗೆ, ಬರೆದಿಡದ ಜ್ಞಾನ ಒಬ್ಬ ಹಿರಿಯ ಕೆಲಸಗಾರನ ಜೊತೆ ಗೇಟು ದಾಟಿ ಹೋಗಿಬಿಡುತ್ತದೆ ಎಂದು ಚೆನ್ನಾಗಿ ಗೊತ್ತು.

*

ಟಿಡಿಸಿ-12 ಬಂದ ಎರಡು ವರ್ಷಕ್ಕೆ, 1971ರ ನವೆಂಬರ್ 3ರ ದಿನಾಂಕ ಹೊತ್ತ ಒಂದು ಕೈಪಿಡಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ತಯಾರಾಯಿತು. ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೊದಲ ಕೈಪಿಡಿ ಅದು. ಬರೆದವರು ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ. ಅವರ ವಿಭಾಗದ ಮುಖ್ಯಸ್ಥ ಡಗ್ ಮೆಕಿಲ್ರಾಯ್ ಪಟ್ಟು ಹಿಡಿದು ಬರೆಸಿದ್ದು.

ಆ ಕೈಪಿಡಿಯ ಪ್ರತಿ ಪುಟಕ್ಕೂ ಒಂದೇ ಅಚ್ಚು: ಹೆಸರು, ಬಳಸುವ ರೀತಿ, ವಿವರಣೆ, ‘ಇದನ್ನೂ ನೋಡಿ’. ಅದರಲ್ಲಿ ಎರಡು ತಲೆಬರಹಗಳು ನನಗೆ ಮುಖ್ಯವಾಗಿ ಕಾಣುತ್ತವೆ. ಒಂದು ‘ಬಗ್ಸ್’, ಅಂದರೆ ದೋಷಗಳು. ಈ ಆಜ್ಞೆ ಎಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂಬುದನ್ನು ಮಾಡಿದವರೇ ಒಪ್ಪಿಕೊಂಡು ಬರೆದ ಜಾಗ. ಇನ್ನೊಂದು ‘ಓನರ್’, ಯಾರನ್ನು ಕೇಳಬೇಕು ಎಂಬುದು. ಮಾರುವ ಸರಕಿನ ಜೊತೆ ಬರುವ ಯಾವ ಪುಸ್ತಕವೂ ತನ್ನ ದೋಷಗಳಿಗೆ ಖಾಯಂ ಜಾಗ ಕೊಡುವುದಿಲ್ಲ. ಇಲ್ಲಿ ಕೊಟ್ಟರು. ಅದರ ಪರಿಣಾಮ ವಿಚಿತ್ರ: ಒಂದು ದೋಷವನ್ನು ವಿವರಿಸಿ ಬರೆಯಲು ಕುಳಿತವನಿಗೆ, ಬರೆಯುವ ಬದಲು ಅದನ್ನು ಸರಿಪಡಿಸಿಬಿಡುವುದೇ ಸುಲಭ ಅನಿಸುತ್ತದೆ. ವಿವರಿಸಲು ನಾಚಿಕೆಯಾಗುವ ಪ್ರೋಗ್ರಾಮನ್ನು ಯಾರೂ ಹಾಗೇ ಬಿಡುವುದಿಲ್ಲ. ಪತ್ರ ಬರೆಯುವಾಗ ನಮ್ಮ ವಾದದ ಸಡಿಲು ನಮಗೇ ಕಾಣುವಂತೆ.

ಆದರೂ ಯೂನಿಕ್ಸ್ ಒಂದು ಕಂಪನಿಯ ಸೊತ್ತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ 1970ರ ದಶಕದ ನಡುವೆ ಯೂನಿಕ್ಸಿನ ಆರನೆಯ ಆವೃತ್ತಿಗೆ ಸಾಲುಸಾಲಾಗಿ ಭಾಷ್ಯ ಬರೆದರು. ಮುಂದಿನ ಆವೃತ್ತಿಯ ಪರವಾನಗಿ ಅದನ್ನು ತರಗತಿಯಲ್ಲಿ ಪಾಠ ಮಾಡುವುದನ್ನೇ ನಿಷೇಧಿಸಿತು. ಹಲವು ತಲೆಮಾರಿನ ವಿದ್ಯಾರ್ಥಿಗಳು ಆ ಪುಸ್ತಕವನ್ನು ಫೋಟೊಕಾಪಿಯ ಫೋಟೊಕಾಪಿಯಲ್ಲಿ ಓದಿದರು. ಅದು ಬಹಿರಂಗವಾಗಿ ಅಚ್ಚಾದದ್ದು 1996ರಲ್ಲಿ. ವಿವರಣೆಗೂ ಬೀಗ ಹಾಕಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಬೀಗ ತೆಗೆಯುವ ಮಾತು ಶುರುವಾದದ್ದು 1983ರ ಸೆಪ್ಟೆಂಬರಿನಲ್ಲಿ, ರಿಚರ್ಡ್ ಸ್ಟಾಲ್ಮನ್ ಜಿಎನ್‌ಯು ಯೋಜನೆಯನ್ನು ಘೋಷಿಸಿದಾಗ. ತಂತ್ರಾಂಶವನ್ನು ಬಳಸುವ, ಓದುವ, ಬದಲಿಸುವ, ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕು ಎಂಬುದು ಅವರ ವಾದ. ಅದರ ಇನ್ನರ್ಧ ಭಾಗವನ್ನು ನಾವು ಮರೆಯುತ್ತೇವೆ. ಕೈಪಿಡಿಗೂ ಅದೇ ಸ್ವಾತಂತ್ರ್ಯ ಬೇಕು ಎಂದು ಅವರು ಹೇಳಿದರು. ಕಾರಣ ಸರಳ: ನೀವು ಪ್ರೋಗ್ರಾಮನ್ನು ಬದಲಿಸಿ ಕೈಪಿಡಿಯನ್ನು ಬದಲಿಸಲಾಗದಿದ್ದರೆ, ಮುಂದೆ ಬರುವವರ ಕೈಗೆ ಸುಳ್ಳು ಹೇಳುವ ಕೈಪಿಡಿಯನ್ನು ಕೊಟ್ಟಂತಾಗುತ್ತದೆ. 2000ದ ಮಾರ್ಚಿನಲ್ಲಿ ಕೈಪಿಡಿಗಳಿಗೆಂದೇ ಪ್ರತ್ಯೇಕ ಪರವಾನಗಿ ಬಂತು. ಅದಕ್ಕೂ ಮೊದಲು, ಲಿನಕ್ಸ್ ಹುಟ್ಟಿದ ಮರುವರ್ಷವೇ, 1992ರಲ್ಲಿ ಲಿನಕ್ಸ್ ಡಾಕ್ಯುಮೆಂಟೇಷನ್ ಪ್ರಾಜೆಕ್ಟ್ ಶುರುವಾಗಿತ್ತು. ಅಲ್ಲಿ ಬರೆದವರಲ್ಲಿ ಎಷ್ಟೋ ಜನ ಪ್ರೋಗ್ರಾಮ್ ಬರೆದವರಲ್ಲ, ಅದನ್ನು ತಮ್ಮ ಯಂತ್ರದಲ್ಲಿ ಕೂರಿಸಲು ಹೆಣಗಿದವರು.

ಆಮೇಲಿನದು ವೇಗ. 2005ರಲ್ಲಿ ಗಿಟ್ ಬಂತು, 2008ರಲ್ಲಿ ಗಿಟ್‌ಹಬ್. 2011ರ ಹೊತ್ತಿಗೆ ಬ್ರೌಸರಿನಲ್ಲೇ ‘ಎಡಿಟ್’ ಒತ್ತಿ ಬೇರೆಯವರ ಕೈಪಿಡಿಗೆ ತಿದ್ದುಪಡಿ ಸೂಚಿಸುವುದು ಸಾಧ್ಯವಾಯಿತು. ಹರಿದು ಅಂಚೆಗೆ ಹಾಕುತ್ತಿದ್ದ ಚೀಟಿಯ ಮೊಮ್ಮಗ ಅದು. ಒಂದು ವ್ಯತ್ಯಾಸ: ಯಾರು, ಯಾವಾಗ, ಯಾಕೆ ತಿದ್ದಿದರು ಎಂಬುದು ಪ್ರತಿ ಸಾಲಿನ ಹಿಂದೆ ದಾಖಲಾಗಿ ಉಳಿಯುತ್ತದೆ. ಓಲೆಗರಿಯ ಓದುಗನಿಗೂ, ಅಚ್ಚಿನ ಓದುಗನಿಗೂ ಇಲ್ಲದಿದ್ದ ಸೌಕರ್ಯ ಇದು.

*

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಬರೆದಿಡುವುದಕ್ಕೂ ಬರೆದಿಡದೇ ಇರುವುದಕ್ಕೂ ಇರುವ ಅಂತರವನ್ನು ಕನ್ನಡ ಕಂಡಷ್ಟು ಹತ್ತಿರದಿಂದ ಕಂಡ ಭಾಷೆಗಳು ಕಡಿಮೆ ಇರಬೇಕು.

ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿದ್ದವು: ಒಂದು ಕಡೆ ತಲೆಕಟ್ಟು, ಇನ್ನೊಂದು ಕಡೆ ಒತ್ತು, ಮತ್ತೊಂದು ಕಡೆ ಕೊಂಬು. ಯಾವ ತುಣುಕು ಎಲ್ಲಿ ಎಂಬುದು ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಬಗೆ. ಕರ್ನಾಟಕ ಸರ್ಕಾರ ಇದಕ್ಕೊಂದು ಶಿಷ್ಟತೆಯನ್ನು ತಂದ ಮೇಲೆ ನುಡಿ, ಬರಹಗಳಂಥವು ಒಂದು ದಾರಿಗೆ ಬಂದವು. ಆದರೆ ಅಷ್ಟರಲ್ಲಿ ಮುದ್ರಣಾಲಯಗಳಲ್ಲಿ, ಪತ್ರಿಕೆಗಳಲ್ಲಿ, ಕಚೇರಿಗಳಲ್ಲಿ ಬೇರೆ ಬೇರೆ ಕೂರಿಕೆಯಲ್ಲಿ ಲಕ್ಷಾಂತರ ಪುಟ ಸೇರಿಹೋಗಿದ್ದವು. ಫಾಂಟ್ ಕಳೆದುಹೋದರೆ ಆ ಕಡತ ತೆರೆದಾಗ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಸದ ರಾಶಿ. ನಿಮ್ಮಲ್ಲಿ ಕೆಲವರ ಹಳೆಯ ಸಿಡಿಗಳಲ್ಲಿ ಅಂಥ ಕಡತಗಳು ಇನ್ನೂ ಇರಬಹುದು. ಬರಹ ನಾಶವಾಗಿಲ್ಲ, ಅದರ ಕೀಲಿಪಟ್ಟಿ ಮಾತ್ರ ಕೈಯಲ್ಲಿಲ್ಲ.

ಆ ಕೀಲಿಪಟ್ಟಿಯನ್ನು ಮತ್ತೆ ಬರೆದವರು ಸ್ವಯಂಸೇವಕರು. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳ ಕೆಲಸದಲ್ಲಿದ್ದ ಅರವಿಂದ ವಿ.ಕೆ. ಹಳೆಯ ಕೂರಿಕೆಯಿಂದ ಯೂನಿಕೋಡಿಗೆ ಪರಿವರ್ತಿಸುವ ಒಂದು ಉಪಕರಣವನ್ನು ಮಾಡಿ ಅದರ ಮೂಲವನ್ನು ತೆರೆದಿಟ್ಟರು. ಅದನ್ನು ತೆರೆದು ನೋಡಿದರೆ ಹೃದಯಭಾಗದಲ್ಲಿರುವುದು ಒಂದು ಪಟ್ಟಿ: ಈ ಗುರುತು ಬಂದರೆ ಈ ಅಕ್ಷರ. ಪ್ರೋಗ್ರಾಮಿಗಿಂತ ಹೆಚ್ಚಾಗಿ ಅದೊಂದು ದಾಖಲೆ. ಅಂಥ ಪಟ್ಟಿಯಲ್ಲಿ ಒಂದು ಸಾಲು ತಪ್ಪಾದರೆ ಪರಿವರ್ತನೆಯಾದ ಪುಸ್ತಕದಲ್ಲೆಲ್ಲ ಒಂದು ಒತ್ತು ತಪ್ಪಾಗುತ್ತದೆ. ಒಂದು ಸಾಲು ಸರಿಯಾದರೆ ಸಾವಿರ ಪುಟ ಸರಿಯಾಗುತ್ತವೆ.

ಇದಕ್ಕೆ ಪ್ರತಿಯಾಗಿ ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವನ್ನು ನೋಡಿ. ಇಂಗ್ಲಿಷಿನ ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಇಡೀ ವಿನ್ಯಾಸವನ್ನು ಒಂದು ಪುಟದಲ್ಲಿ ವಿವರಿಸಬಹುದು. ಹಾಗೆ ವಿವರಿಸಲು ಆಗುತ್ತಿದ್ದುದರಿಂದಲೇ ಯಾರು ಬೇಕಾದರೂ ಅದನ್ನು ತಮ್ಮ ವ್ಯವಸ್ಥೆಗೆ ಅಳವಡಿಸಿಕೊಳ್ಳಲು ಆಯಿತು. ನುಡಿಯಲ್ಲಿ ಅದೇ, ಬರಹದಲ್ಲಿ ಅದೂ ಒಂದು ಆಯ್ಕೆ, ಲಿನಕ್ಸಿನಲ್ಲಿ ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳಿಂದ ಕೆಜಿಪಿ ಎಂದು ಕರೆಸಿಕೊಳ್ಳುವುದೂ ಅದೇ. ವಿವರಣೆ ಚಿಕ್ಕದಾಗಿ, ಸ್ಪಷ್ಟವಾಗಿ ಇದ್ದದ್ದು ಬದುಕಿತು.

*

ತಿದ್ದಲಾಗದ ತಪ್ಪಿನ ಕಥೆಯೂ ಒಂದು ಇದೆ. ಹಳಗನ್ನಡದಲ್ಲಿ ೞ ಎಂಬ ಅಕ್ಷರ ಇತ್ತು. ಕಾಲಕ್ರಮದಲ್ಲಿ ಅದರ ಉಚ್ಚಾರ ಬಾಯಿಂದ ಜಾರಿ ಕೆಲವು ಕಡೆ ಳ, ಕೆಲವು ಕಡೆ ರ ಆಯಿತು. ಸುಮಾರು 1260ರಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವಾಗ ಯಾವ ಯಾವ ಪದಗಳಲ್ಲಿ ೞ ಬರುತ್ತದೆ ಎಂದು ಪಟ್ಟಿ ಮಾಡಿದ. ಎಲ್ಲರಿಗೂ ಗೊತ್ತಿದ್ದರೆ ಯಾರೂ ಪಟ್ಟಿ ಮಾಡುವುದಿಲ್ಲ. ಮರೆವು ಶುರುವಾಗಿತ್ತು, ಅದಕ್ಕೇ ದಾಖಲೆ ಬೇಕಾಯಿತು.

ಏಳು ಶತಮಾನಗಳ ನಂತರ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿತು. ದಶಮಾನದಲ್ಲಿ ಎಣಿಸಿದರೆ 3294ನೆಯ ಸ್ಥಾನದಲ್ಲಿ ೞ ಇದೆ. ಚಿತ್ರ ಸರಿಯಾಗಿದೆ, ಹೆಸರು ಮಾತ್ರ ‘ಕನ್ನಡ ಲೆಟರ್ ಫಾ’. ಫಕಾರಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ತಪ್ಪು ಗೊತ್ತಾದಾಗ ಒಂದು ಅಡ್ಡಿ ಎದುರಾಯಿತು: ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸಬಾರದು ಎಂಬುದು ಯೂನಿಕೋಡಿನ ನಿಯಮ, ಯಾಕೆಂದರೆ ಆ ಹೆಸರುಗಳ ಮೇಲೆ ಪ್ರಪಂಚದ ಎಷ್ಟೋ ಪ್ರೋಗ್ರಾಮುಗಳು ನಿಂತಿವೆ. ಆದ್ದರಿಂದ ಹೆಸರನ್ನು ಹಾಗೇ ಬಿಟ್ಟು, ತಿದ್ದುಪಡಿಗಳಿಗೆಂದೇ ಇರುವ ಒಂದು ಪುಟ್ಟ ಕಡತದಲ್ಲಿ ಒಂದು ಸಾಲು ಸೇರಿಸಿದರು: ಇದರ ಸರಿಯಾದ ಹೆಸರು ‘ಳ್ಳಳಾ’ಕ್ಕೆ ಹತ್ತಿರದ, ಮೂರು ‘ಎಲ್’ ಸೇರಿಸಿ ಬರೆಯುವ ಹೆಸರು. ಅದೇ ಕಡತದಲ್ಲಿ ‘ಬ್ರ್ಯಾಕೆಟ್’ ಎಂಬ ಇಂಗ್ಲಿಷ್ ಪದದ ಅಕ್ಷರಗಳು ಹಿಂದುಮುಂದಾದದ್ದಕ್ಕೂ ಒಂದು ಸಾಲು ಇದೆ. ಶಿಷ್ಟತೆ ರೂಪಿಸಿದವರೂ ಕಾಗುಣಿತ ತಪ್ಪುತ್ತಾರೆ ಎಂಬ ಸಮಾಧಾನ ನಮಗಿರಲಿ.

ಪೈಥಾನ್ ಎಂಬ ಮುಕ್ತ ಪ್ರೋಗ್ರಾಮಿಂಗ್ ಭಾಷೆ 2012ರ ತನ್ನ 3.3ನೆಯ ಆವೃತ್ತಿಯಿಂದ ಆ ತಿದ್ದುಪಡಿ ಕಡತವನ್ನೂ ಓದತೊಡಗಿತು. ಇವತ್ತು ಅದಕ್ಕೆ ಸರಿಯಾದ ಹೆಸರು ಕೊಟ್ಟು ಕೇಳಿದರೆ ೞ ಅನ್ನು ತಂದುಕೊಡುತ್ತದೆ. ೞ ಅನ್ನು ಕೊಟ್ಟು ಹೆಸರು ಕೇಳಿದರೆ ಮಾತ್ರ ಈಗಲೂ ‘ಫಾ’ ಎನ್ನುತ್ತದೆ. ಕುಷಾಯಿಗೂಡದ ಅಂಗಡಿ ಹಲಗೆಗಳಲ್ಲಿ ನಾನು ದಿನವೂ ಓದುವ ತೆಲುಗು ನಮ್ಮ ಲಿಪಿಯ ಒಡಹುಟ್ಟು. ಹಳೆಯ ತೆಲುಗಿನಲ್ಲೂ ಈ ಅಕ್ಷರ ಇತ್ತು. ಅದು ಯೂನಿಕೋಡಿಗೆ ಸೇರಿದ್ದು 2014ರಲ್ಲಿ, ಸರಿಯಾದ ಹೆಸರಿನೊಂದಿಗೆ. ತಮ್ಮ ಬರುವಷ್ಟರಲ್ಲಿ ಅಣ್ಣನ ಪಾಡು ಎಲ್ಲರಿಗೂ ತಿಳಿದಿತ್ತು.

*

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. 2014ರಿಂದ ಪ್ರತಿ ಅಕ್ಟೋಬರಿನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಉತ್ಸವ ನಡೆಯುತ್ತದೆ. ಮುಕ್ತ ತಂತ್ರಾಂಶಕ್ಕೆ ಕೆಲವು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದರು. 2020ರ ಅಕ್ಟೋಬರ್ ಶುರುವಾದ ಕೂಡಲೇ ಪ್ರವಾಹ ಬಂತು. ಸಾವಿರಾರು ಜನ ಕೈಪಿಡಿಯ ಮೊದಲ ಪುಟದಲ್ಲಿ ‘ಅದ್ಭುತ ಯೋಜನೆ’ ಎಂಬಂಥ ಪದಗಳನ್ನು ಸೇರಿಸಿ ಕಳಿಸಿದರು. ಸಂಬಳವಿಲ್ಲದೆ ಕೆಲಸ ಮಾಡುವ ನಿರ್ವಾಹಕರು ಅವನ್ನು ಒಂದೊಂದಾಗಿ ಮುಚ್ಚುತ್ತ ಕುಳಿತರು. ಮೂರೇ ದಿನದಲ್ಲಿ ನಿಯಮ ಬದಲಾಗಿ, ಒಪ್ಪಿದ ಯೋಜನೆಗಳಿಗೆ ಮಾತ್ರ ಎಂದಾಯಿತು. 2024ರಲ್ಲಿ ಎಕ್ಸ್‌ಪ್ರೆಸ್ ಎಂಬ ಪ್ರಸಿದ್ಧ ತಂತ್ರಾಂಶಕ್ಕೆ ಇದೇ ಗತಿ. ನಮ್ಮ ದೇಶದ ಒಂದು ಪಾಠದ ವಿಡಿಯೊ ಅದನ್ನು ಉದಾಹರಣೆಯಾಗಿ ತೋರಿಸಿತ್ತು. ನೋಡಿದ ವಿದ್ಯಾರ್ಥಿಗಳು ಅದರ ಕೈಪಿಡಿಗೆ ತಮ್ಮ ಹೆಸರು ಸೇರಿಸಿ ಕಳಿಸಿದರು.

ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅಮೀರ್‌ಪೇಟೆಯ ತರಬೇತಿ ಕೇಂದ್ರಗಳ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು, ರೆಸ್ಯೂಮಿನಲ್ಲಿ ಒಂದು ಸಾಲು ಹೆಚ್ಚಾದರೆ ಎಷ್ಟು ಬೆಲೆ ಎಂದು. ಆದರೆ ಅವರಿಗೆ ಕಲಿಸಿದವರು ಕ್ರಿಯೆಯನ್ನು ಕಲಿಸಿ ಕಾರಣವನ್ನು ಬಿಟ್ಟರು. ಅವರಲ್ಲಿ ಯಾರೂ ಆ ಪುಟದಲ್ಲಿ ಎಡವಿರಲಿಲ್ಲ. ದಾರಿಯಲ್ಲಿ ಎಡವಿದವನು ಕಲ್ಲನ್ನು ಎತ್ತಿ ಪಕ್ಕಕ್ಕಿಡುವುದು ಉಪಕಾರ. ಎಡವದವನು ಉಪಕಾರ ಮಾಡಿದೆನೆಂದು ತೋರಿಸಲು ಹೊಸ ಕಲ್ಲು ತಂದು ಹಾಕಿದರೆ, ದಾರಿಗೆ ಗೇಟು ಬೀಳುತ್ತದೆ. 2020ರಲ್ಲಿ ಬಿದ್ದದ್ದು ಅಂಥ ಗೇಟು. ಐವತ್ತು ವರ್ಷಗಳಲ್ಲಿ ಓದುಗನಿಗೆ ದಕ್ಕಿದ ಹಕ್ಕು ಹೀಗೂ ಕಳೆಯಬಹುದು.

ಕೆಲಸವೇನೂ ಕಡಿಮೆಯಿಲ್ಲ. 2017ರಲ್ಲಿ ಗಿಟ್‌ಹಬ್ ನಡೆಸಿದ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇ. 93 ಜನ ಅಪೂರ್ಣ ಅಥವಾ ಹಳೆಯ ಕೈಪಿಡಿಗಳ ಸಮಸ್ಯೆಯನ್ನು ಕಂಡಿದ್ದೇವೆ ಎಂದರು. ತಂತ್ರಾಂಶಕ್ಕೆ ಕೊಡುಗೆ ಕೊಡುವವರಲ್ಲಿ ಶೇ. 60 ಜನ ಕೈಪಿಡಿಯ ಕೆಲಸ ಮಾಡುವುದು ಅಪರೂಪ, ಅಥವಾ ಮಾಡುವುದೇ ಇಲ್ಲ ಎಂದರು. ಈ ಎರಡು ಸಂಖ್ಯೆಗಳ ನಡುವೆ ಹೊಸಬನಿಗೆ ಜಾಗ ಇದೆ. ಪರಿಣತನಿಗೆ ಕೈಪಿಡಿಯ ತಪ್ಪು ಕಾಣುವುದಿಲ್ಲ, ಏಕೆಂದರೆ ಅವನು ಅದನ್ನು ಓದುವುದಿಲ್ಲ. ಹೊಸಬ ಪ್ರತಿ ಅಕ್ಷರವನ್ನೂ ನಂಬಿ ನಡೆಯುತ್ತಾನೆ, ಎಡವುತ್ತಾನೆ. ಆ ಅಜ್ಞಾನ ಕೆಲವೇ ದಿನ ಇರುತ್ತದೆ. ಕಲಿತ ಮೇಲೆ ಕಲ್ಲು ಎಲ್ಲಿತ್ತು ಎಂಬುದೇ ಮರೆತುಹೋಗುತ್ತದೆ. ಅದಕ್ಕೇ ಎಡವಿದ ದಿನವೇ ಬರೆದುಬಿಡಬೇಕು.

ನನ್ನ ‘ರ‍್ಯಾಂಕ್’ ಸಾಲನ್ನು ಮೊನ್ನೆ ಮತ್ತೆ ತೆರೆದು ನೋಡಿದೆ. ನಾನು ಬರೆದ ವಾಕ್ಯ ಈಗ ಅಲ್ಲಿಲ್ಲ. ಇನ್ಯಾರೋ ಬಂದು ಅದಕ್ಕೊಂದು ಉದಾಹರಣೆ ಸೇರಿಸಿ, ನನ್ನ ಉದ್ದದ ವಾಕ್ಯವನ್ನು ಎರಡು ಮಾಡಿದ್ದಾರೆ. ಮೊದಲಿಗಿಂತ ಚೆನ್ನಾಗಿದೆ. ‘ಮೊದಲು’ ಎಂಬ ಪದ ಮಾತ್ರ ಹಾಗೇ ಉಳಿದಿದೆ.